ನಿವೃತ್ತಿಯಾದ ಮೂವತ್ನಾಲ್ಕು

ಆರ್ವೊ ಕೆಟೊಲಾನಿಗೆ ಕಣ್ಣು ಕಾಣಿಸುವುದಿಲ್ಲ ಎಂಬ ವಿಷಯ ಅಮೆರಿಕದ ಡುಲೂತ್ ನಗರದ ಪಶ್ಚಿಮ ಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು, ಆರ್ವೊ ಒಬ್ಬನನ್ನು ಬಿಟ್ಟು. ಗೊತ್ತಿದ್ದವರು ಹೇಳುತ್ತಿರಲಿಲ್ಲ. ಈ ಊರಿನವರ ಮರ್ಯಾದೆಯೇ ಹಾಗೆ; ಎದುರಿಗಿರುವವನ ಪ್ಯಾಂಟಿಗೆ ಬೆಂಕಿ ಹತ್ತಿದ್ದರೂ ಮೊದಲು ‘ಇವತ್ತು ಸ್ವಲ್ಪ ಬೆಚ್ಚಗಿದೆ ಅಲ್ವಾ’ ಎಂದು ಮಾತು ತೆಗೆಯುತ್ತಾರೆ. ಡ್ರೈವಿಂಗ್ ಲೈಸೆನ್ಸ್ ನವೀಕರಿಸುವಾಗ ಆರ್ವೊ ಸಾಲಿನಲ್ಲಿ ತನಗಿಂತ ಮುಂದೆ ನಿಂತ ಮೂವರು ಗೋಡೆಯ ಅಕ್ಷರಗಳನ್ನು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿ ಒಪ್ಪಿಸಿ ಬಂದಿದ್ದ. ಪರೀಕ್ಷೆ ಮಾಡಿದ ಹುಡುಗಿ ‘ಶಭಾಷ್, ಆದರೆ ಗೋಡೆ ಈ ಕಡೆ ಇದೆ’ ಅಂದಳಂತೆ. ಅದೂ ಊರಿಗೆಲ್ಲ ಗೊತ್ತಿತ್ತು.

ಅರವತ್ತೆಂಟರ ಆರ್ವೊ ರಿಗ್‌ಬಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡು ನಿವೃತ್ತನಾದವನು. ಮನೆಯಲ್ಲಿ ಹೆಂಡತಿ ಲೋರೇನ್ ಮಾತಾಡುತ್ತಿದ್ದಳು, ಶಾಲೆಯಲ್ಲಿ ಬಾಯ್ಲರ್ ಮಾತಾಡುತ್ತಿತ್ತು. ಆರ್ವೊ ಬಾಯಿ ತೆರೆದರೆ ಜನ ಕೇಳುತ್ತಿದ್ದ ಜಾಗ ಭೂಮಿಯ ಮೇಲೆ ಒಂದೇ ಒಂದು. ಅದು ಶಾಲೆಯ ಅಮೆರಿಕನ್ ಫುಟ್‌ಬಾಲ್ ಮೈದಾನದ ಮೆಟ್ಟಿಲುಗಳ ಮೇಲಿದ್ದ ಹಲಗೆಯ ಗೂಡು. ಅಲ್ಲೊಂದು ಮೈಕು. ಚೆಂಡು ಹಿಡಿದು ಓಡಿದವನು ಯಾರು, ಅವನನ್ನು ಕೆಡವಿದವನು ಯಾರು ಎಂದು ಮೂವತ್ತೊಂದು ವರ್ಷದಿಂದ ಊರಿಗೆ ಸಾರುತ್ತಿದ್ದವನು ಅವನೇ. ಪಕ್ಕದಲ್ಲಿ ಲೋರೇನಳ ತಮ್ಮ ಗೋರ್ಡಿ ಬ್ರೆಕೆ ದುರ್ಬೀನು ಹಿಡಿದು ಕೂರುತ್ತಿದ್ದ. ಗೋರ್ಡಿ ಅಂಗಿಯ ಮೇಲಿನ ಅಂಕಿಯನ್ನು ಪಿಸುಗುಟ್ಟಬೇಕು, ಆರ್ವೊ ಹೆಸರನ್ನು ಗುಡುಗಬೇಕು. ಕೇಳಿದವರಿಗೆ ಮಾತ್ರ ಆರ್ವೊ, ಗೋರ್ಡಿ ಸುಮ್ಮನೆ ಜೊತೆಗಿರಲಿ ಅಂತ ಬರುತ್ತಾನೆ ಎನ್ನುತ್ತಿದ್ದ.

ಅನರ್ಥ ಶುರುವಾದದ್ದು ಅಕ್ಟೋಬರ್‌ನ ಒಂದು ಶುಕ್ರವಾರ ಮಧ್ಯಾಹ್ನ, ಗೋರ್ಡಿಗೆ ಹಸಿವಾದದ್ದರಿಂದ.

ಮೈದಾನದ ದೀಪದ ಕಂಬಗಳು ತುಕ್ಕು ಹಿಡಿದು ಹೋಗಿದ್ದರಿಂದ ರಿಗ್‌ಬಿಯ ಆಟವೆಲ್ಲ ಮಧ್ಯಾಹ್ನ ಮೂರೂವರೆಗೇ. ಆ ದಿನ ಎದುರಾಳಿ ಗಣಿ ಊರಿನ ತಂಡ. ಕೊನೆಯ ನಿಮಿಷ, ರಿಗ್‌ಬಿ ನಾಲ್ಕು ಅಂಕ ಮುಂದಿತ್ತು, ಗಣಿ ಊರಿನವರು ಚೆಂಡು ಹಿಡಿದು, ದಾಟಿದರೆ ತಾವು ಗೆಲ್ಲುವ ಗೆರೆಯಿಂದ ಎರಡೇ ಗಜ ದೂರದಲ್ಲಿದ್ದರು. ಗೆದ್ದರೆ ರಿಗ್‌ಬಿ ಇಪ್ಪತ್ತೆರಡು ವರ್ಷಗಳ ಮೇಲೆ ರಾಜ್ಯದ ಪಂದ್ಯಾವಳಿಗೆ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಗೋರ್ಡಿ ಸಾಸೇಜು ತರಲು ಕೆಳಗಿಳಿದ. ಅದೇ ಹೊತ್ತಿಗೆ ಸರೋವರದ ಕಡೆಯಿಂದ ಮಂಜು ಬಂತು. ಸುಪೀರಿಯರ್ ಸರೋವರದ ಮಂಜು ಹೇಳಿಕೇಳಿ ಬರುವಂಥದ್ದಲ್ಲ. ಬಂದರಿನ ಕಹಳೆ ಒಂದು ಸಲ ಊದಿತು, ಎರಡನೆಯ ಸಲ ಊದುವುದರೊಳಗೆ ಅರ್ಧ ಮೈದಾನ ಮಾಯ.

ಮಂಜಿನೊಳಗೆ ಸೀಟಿ ಕೇಳಿಸಿತು. ಮೈಗೆ ಮೈ ಬಡಿದ ಸದ್ದು ಕೇಳಿಸಿತು. ಗುಂಪು ಕರಗಿದಾಗ ಗಣಿ ಊರಿನ ಹುಡುಗ ಗೆರೆಗೆ ಒಂದಡಿ ಈಚೆ ಬೋರಲು ಬಿದ್ದಿದ್ದ. ಆರ್ವೊ ಕಣ್ಣು ಕಿರಿದು ಮಾಡಿದ. ಕಂದು ಬಣ್ಣದ್ದೇನೋ ಎದ್ದು ನಿಂತಂತಾಯಿತು, ಬೆನ್ನ ಮೇಲೆ ಮೊದಲಿನದು ಮೂರೋ ಎಂಟೋ, ಆಮೇಲೆ ನಾಲ್ಕು. ಕಣ್ಣು ಕೈಕೊಟ್ಟಲ್ಲಿ ಮೂವತ್ತು ವರ್ಷದ ಅಭ್ಯಾಸ ನಾಲಿಗೆಗೆ ಬಂತು.

“ಕೆಡವಿದವನು ಮೂವತ್ನಾಲ್ಕು,” ಎಂದು ಗುಡುಗಿದ, “ವೈನೊ ಸಾಲ್ಮೆಲಾ.”

ಎಂಟುನೂರು ಜನ ಗಪ್‌ಚಿಪ್ಪಾದರು. ಗೆದ್ದ ತಂಡದ ಊರು ಕೂಗಬೇಕಾದ ಹೊತ್ತಿನಲ್ಲಿ ಬಂದರಿನ ಕಹಳೆಯೊಂದೇ ಕೂಗಿತು. ಕೆಳಗಿನ ಮೆಟ್ಟಿಲಲ್ಲಿದ್ದ ಮುದುಕನೊಬ್ಬ ನಿಧಾನವಾಗಿ ಎದ್ದು ಟೊಪ್ಪಿ ತೆಗೆದ. ಅವನ ಪಕ್ಕದವನೂ ಎದ್ದ.

ಇಲ್ಲಿ ಮೂವತ್ನಾಲ್ಕರ ವಿಷಯ ಹೇಳಬೇಕು. ದೊಡ್ಡ ಆಟಗಾರನ ಅಂಗಿಯ ಅಂಕಿಯನ್ನು ಅವನ ನಂತರ ಇನ್ನೊಬ್ಬ ತೊಡದಂತೆ ಶಾಲೆಯವರು ನಿವೃತ್ತಿ ಮಾಡಿಸುತ್ತಾರೆ. ರಿಗ್‌ಬಿಯಲ್ಲಿ ಹಾಗೆ ನಿವೃತ್ತಿಯಾದದ್ದು ಒಂದೇ ಅಂಕಿ. ಪಿಂಚಣಿ ಇಲ್ಲ, ಆದರೆ ಗಾಜಿನ ಪೆಟ್ಟಿಗೆ ಇದೆ. ವೈನೊ ಸಾಲ್ಮೆಲಾ, ಹದಿನೇಳು ವರ್ಷ, ಮೀನುಗಾರನ ಮಗ. ಸಾವಿರದ ಒಂಬೈನೂರ ಐವತ್ತೆಂಟರ ಕೊನೆಯ ಆಟದ ದಿನ ಬೆಳಗ್ಗೆ ಅಪ್ಪನ ದೋಣಿಯಲ್ಲಿ ಬಲೆ ಎತ್ತಲು ಹೋದ, ಮಂಜಿತ್ತು, ದೋಣಿ ಬರಲಿಲ್ಲ. ತಂಡದ ಹುಡುಗರು ಅವನು ಬಂದೇ ಬರುತ್ತಾನೆಂದು ಅವನ ಜಾಗ ಖಾಲಿ ಬಿಟ್ಟು, ಹನ್ನೊಂದು ಜನ ಆಡಬೇಕಾದಲ್ಲಿ ಹತ್ತೇ ಜನ ಅರ್ಧ ಆಟ ಆಡಿ ಸೋತರು. ಅವನ ಕಂದು ಉಣ್ಣೆಯ ಅಂಗಿ ಇವತ್ತಿಗೂ ಮುಖ್ಯ ಹಜಾರದ ಗಾಜಿನ ಪೆಟ್ಟಿಗೆಯಲ್ಲಿ ತೂಗುತ್ತಿದೆ. ಬಾಯ್ಲರ್ ಕೋಣೆಗೆ ಹೋಗುವ ದಾರಿ ಅದರ ಮುಂದೆಯೇ. ಮೂವತ್ತು ವರ್ಷದಲ್ಲಿ ಆರ್ವೊ ಆ ಹೆಸರನ್ನು ಓದಿದಷ್ಟು ಬೈಬಲ್ಲನ್ನೂ ಓದಿರಲಿಲ್ಲ.

ಗೋರ್ಡಿ ಸಾಸೇಜನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ಓಡಿ ಬಂದ. ಕೆಡವಿದ್ದು ಎಂಬತ್ನಾಲ್ಕು, ಡೆವಿನ್ ಲಾಪ್ರೇರಿ ಇರಬೇಕು ಅಂದ. ಆ ಕ್ಷಣದಲ್ಲಿ ಆರ್ವೊ ‘ಕಣ್ಣು ತಪ್ಪಿತು’ ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಜಟ್ಟಿ ಬಿದ್ದರೂ ಮೀಸೆಗೆ ಮಣ್ಣಾಗಬಾರದು. ಕೋಚ್ ಸ್ಟುಪ್ನಿಕ್ ಏದುಸಿರು ಬಿಡುತ್ತಾ ಗೂಡಿನ ಬಾಗಿಲಿಗೆ ಬಂದು ಏನಪ್ಪಾ ಇದು ಎಂದು ಕೇಳಿದಾಗ ಆರ್ವೊ ಮೈಕಿನ ದೂಳು ಒರೆಸುತ್ತಾ ಉತ್ತರ ಕೊಟ್ಟ.

“ನಾನು ಕಂಡಿದ್ದನ್ನ ಹೇಳ್ದೆ.”

ಶನಿವಾರ ಸಾಯಂಕಾಲ ಹೆಂಗಸರು ಗಂಡಸರೆನ್ನದೆ ಈ ಮಾತನ್ನೇ ಕಾಯಿಸಿದರು. ಹಿಲ್‌ಸ್ಟ್ರಾಂಡನ ಮನೆಯ ಸೌನಾ ಎಂಬ ಉಗಿಸ್ನಾನದ ಕೋಣೆಯಲ್ಲಿ ಆರು ಜನ ಬೆತ್ತಲೆ ಗಂಡಸರು ಬೆವರುತ್ತಾ ಕೂತು, ಕೆಡವುವಾಗ ಮೈದಾನದಲ್ಲಿ ರಿಗ್‌ಬಿಯವರು ಎಷ್ಟು ಜನ ಇದ್ದರು ಎಂದು ಲೆಕ್ಕ ಹಾಕಿದರು. ನಾಲ್ವರು ಹನ್ನೊಂದೆಂದರು, ಇಬ್ಬರು ಹನ್ನೆರಡೆಂದರು. ಕೋಚು ತೆಗೆಸಿದ್ದ ವೀಡಿಯೊದಲ್ಲಿ ಇದ್ದದ್ದು ಮಂಜು ಮತ್ತು ಕಾಲುಗಳು. ರಿಗ್‌ಬಿಯವರ ಕಾಲುಗಳನ್ನು ಎಣಿಸಿದರೆ ಇಪ್ಪತ್ಮೂರು ಬಂತು. ಒಂದು ಕಾಲು ಯಾರದಾದರೂ ಹಿಂದೆ ಮರೆಯಾಗಿರಬಹುದು ಎಂದು ಸಮಾಧಾನ ಮಾಡಿಕೊಂಡರೂ, ಹನ್ನೊಂದು ಜನಕ್ಕೆ ಇಪ್ಪತ್ತೆರಡೇ ಕಾಲು ಎಂಬುದು ಮನೆಗೆ ಹೋಗಿ ಮಲಗಿದ ಮೇಲೆ ಒಬ್ಬೊಬ್ಬರಿಗೂ ಹೊಳೆಯಿತು.

ಭಾನುವಾರ ಚರ್ಚಿನ ನೆಲಮಾಳಿಗೆಯ ಕಾಫಿಗೆ ಹೆಂಗಸರು ಒಂದು ತಟ್ಟೆ ಹೆಚ್ಚಾಗಿ ಇಟ್ಟರು. ಯಾರಿಗೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಪಾದ್ರಿ ಆ ತಟ್ಟೆಯ ಮುಂದೆ ಎರಡು ಸಲ ಹಾದುಹೋಗಿ, ಇದು ಧರ್ಮದಲ್ಲಿ ಇದೆ ಅನ್ನಲಾರದೆ ಇಲ್ಲ ಅನ್ನಲಾರದೆ, ಹವಾಮಾನದ ಬಗ್ಗೆ ಮಾತಾಡಿದರು. ಡೆವಿನ್ ಲಾಪ್ರೇರಿಯನ್ನು ಹಿಡಿದು ಕೇಳಿದರೆ ಆ ಹುಡುಗ ಇನ್ನಷ್ಟು ಕೆಡಿಸಿದ. ತಾನು ಮುಟ್ಟುವ ಮುಂಚೆಯೇ ಅವನು ಬಿದ್ದಿದ್ದ, ತಾನು ಬಿದ್ದದ್ದು ಆಮೇಲೆ, ತನ್ನ ಕೈ ಮೊಣಕೈವರೆಗೆ ಒದ್ದೆಯಾಗಿತ್ತು ಎಂದ. ಅತ್ತ ಗಣಿ ಊರಿನಿಂದಲೂ ಸುದ್ದಿ ಬಂತು. ಬಿದ್ದ ಹುಡುಗ ತನ್ನ ಕಾಲು ಹಿಡಿದದ್ದು ಮಂಜುಗಡ್ಡೆಯಂಥ ಕೈ, ಮೀನಿನ ವಾಸನೆ ಹೊಡೆಯುತ್ತಿತ್ತು ಎಂದು ತಾಯಿಗೆ ಹೇಳಿದನಂತೆ.

“ನಿನ್ಗೆ ಕನ್ನಡ್ಕ ಬೇಕು,” ಅಂದಳು ಲೋರೇನ್. ಹತ್ತು ವರ್ಷದಿಂದ ಅವಳು ಎಲ್ಲದಕ್ಕೂ ಹೇಳುತ್ತಿದ್ದದ್ದು ಅದೇ. ಸೂಪಿಗೆ ಸಕ್ಕರೆ ಹಾಕಿದಾಗಲೂ ಅದೇ, ಪಕ್ಕದ ಮನೆಯ ನಾಯಿಗೆ ತಮ್ಮ ಬೆಕ್ಕಿನ ಹೆಸರಿಟ್ಟು ಕರೆದಾಗಲೂ ಅದೇ.

ಸೋಮವಾರ ಬೆಳಗ್ಗೆ ಶಾಲೆಯ ಹಜಾರದಲ್ಲಿ ಮಕ್ಕಳು ಗುಂಪುಗೂಡಿದ್ದರು. ಗಾಜಿನ ಪೆಟ್ಟಿಗೆಯಲ್ಲಿದ್ದ ಉಣ್ಣೆಯ ಅಂಗಿ ಒದ್ದೆಯಾಗಿತ್ತು. ತೋಳಿನ ತುದಿಯಿಂದ ಹನಿ ಹನಿಯಾಗಿ ನೀರು ಬಿದ್ದು ಪೆಟ್ಟಿಗೆಯ ತಳದಲ್ಲಿ ಅಂಗೈಯಗಲ ನಿಂತಿತ್ತು. ಬೀಗ ಹಾಕಿದ ಹಾಗೇ ಇತ್ತು. ಪ್ರಿನ್ಸಿಪಾಲ್ ಶ್ರೀಮತಿ ಒಡೆಗಾರ್ಡ್ ಆರ್ವೊನನ್ನು ಕರೆಸಿದರು. ಆ ಗೋಡೆಯ ಒಳಗು ಹೊರಗು ಅವನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು ನಿಜ. ಪೆಟ್ಟಿಗೆಯ ಹಿಂದೆ ಹಾದುಹೋಗುವ ಉಗಿಯ ಕೊಳವೆ ಒಸರುತ್ತಿತ್ತು. ಅದನ್ನು ಬದಲಾಯಿಸುವ ಬದಲು ಇಪ್ಪತ್ತು ವರ್ಷ ಟೇಪು ಸುತ್ತಿ ಸುತ್ತಿ ಸಾಗಹಾಕಿದವನು ಅವನೇ. ಹೇಳಿದರೆ ಮೂವತ್ತು ವರ್ಷದ ಸೇವೆಗೆ ಕೊಟ್ಟ ಗಡಿಯಾರ ವಾಪಸು ಕೊಡಬೇಕಾದೀತು. ಆರ್ವೊ ಗೋಡೆಗೆ ಕಿವಿಯಿಟ್ಟು ಆಲಿಸಿದ, ತಲೆಯಲ್ಲಾಡಿಸಿದ.

“ಕೊಳವೆಯಿಂದ ಬಂದ ನೀರು ಅಲ್ಲ ಇದು,” ಅಂದ.

ಆ ಮಾತು ಊಟದ ಬಿಡುವಿನೊಳಗೆ ಬಂದರು ತಲುಪಿತು.

ಮಂಗಳವಾರ ರಾಜ್ಯದ ಶಾಲಾ ಕ್ರೀಡಾ ಸಮಿತಿಯಿಂದ ಕ್ಲಿಫರ್ಡ್ ಬೀಲ್ ಎಂಬ ಅಧಿಕಾರಿ ಬಂದ. ತೆಳ್ಳಗೆ, ಎತ್ತರಕ್ಕೆ, ದಪ್ಪ ಕನ್ನಡಕ. ಜೀವಮಾನದಲ್ಲಿ ಒಂದು ಅರ್ಜಿಯ ಒಂದು ಕಾಲಮನ್ನೂ ಖಾಲಿ ಬಿಟ್ಟವನಲ್ಲ. ಸೋತ ಗಣಿ ಊರಿನವರು ದೂರು ಕೊಟ್ಟಿದ್ದರು, ರಿಗ್‌ಬಿಯವರು ಪಟ್ಟಿಯಲ್ಲಿ ಹೆಸರಿಲ್ಲದ, ಅರ್ಹತೆಯಿಲ್ಲದ ಆಟಗಾರನನ್ನು ಇಳಿಸಿದ್ದಾರೆ, ಅವರದೇ ಘೋಷಕ ಮೈಕಿನಲ್ಲಿ ಒಪ್ಪಿಕೊಂಡಿದ್ದಾನೆ, ಗೆಲುವನ್ನು ರದ್ದು ಮಾಡಿ ಎಂದು. ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಬೀಲ್ ಒಂದು ನಮೂನೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ.

“ಆಟಗಾರನ ವಯಸ್ಸು ಹೇಳಿ. ಮಿತಿ ಹತ್ತೊಂಬತ್ತು.”

“ಹದಿನೇಳು,” ಅಂದರು ಶ್ರೀಮತಿ ಒಡೆಗಾರ್ಡ್.

“ಅದು ಐವತ್ತೆಂಟ್ರಲ್ಲಿ. ಆಮೇಲೆ?”

ಕೋಚ್ ಸ್ಟುಪ್ನಿಕ್ ಬೆರಳಲ್ಲಿ ಲೆಕ್ಕ ಹಾಕಿದ. “ಆಮೇಲೆ ಅವ್ನಿಗೆ ವಯಸ್ಸಾಗ್ಲಿಲ್ಲ ಸಾರ್.”

ಬೀಲ್ ಹದಿನೇಳು ಎಂದು ಬರೆದುಕೊಂಡು ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದ. ತರಗತಿಯ ಹಾಜರಿ ಕೇಳಿದ. ಅರವತ್ತೈದು ವರ್ಷದ ಗೈರುಹಾಜರಿಗೆ ಪೋಷಕರ ಪತ್ರ ಇದೆಯೇ ಎಂದು ಕೇಳಿದ. ಕೊನೆಗೆ ಆಟಗಾರನ ದೇಹ ಆಡಲು ಯೋಗ್ಯವಾಗಿದೆ ಎಂಬ ವೈದ್ಯರ ಪ್ರಮಾಣಪತ್ರ ಕೇಳಿದ. ದೇಹವೇ ಸಿಕ್ಕಿಲ್ಲ ಎಂದು ಕೋಚು ಮೆಲ್ಲಗೆ ತಿಳಿಸಿದ. ಬೀಲ್ ಅದನ್ನೂ ಬರೆದುಕೊಂಡ. ಆಮೇಲೆ ಆರ್ವೊನ ಕಡೆ ತಿರುಗಿ, ಗೋಡೆಯ ಮೇಲಿನ ಕ್ಯಾಲೆಂಡರ್ ಓದಲು ಹೇಳಿದ. ಆರ್ವೊ ಎದೆಯುಬ್ಬಿಸಿ ಲೈಸೆನ್ಸ್ ಕಚೇರಿಯ ಅಕ್ಷರಗಳನ್ನು ಮೇಲಿನ ಸಾಲಿನಿಂದ ಕೆಳಗಿನವರೆಗೆ ತಪ್ಪಿಲ್ಲದೆ ಒಪ್ಪಿಸಿದ. ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಬೀಲ್ ಪೆನ್ನಿನ ಮುಚ್ಚಳ ಹಾಕಿ ತೀರ್ಪು ಹೇಳಿದ. ಆರ್ವೊ ಕಂಡದ್ದು ನಿಜವಾದರೆ ಸತ್ತವನು ಆಡಿದ್ದಾನೆ, ಗೆಲುವು ರದ್ದು, ರಾಜ್ಯದ ಪಂದ್ಯಾವಳಿಯೂ ಇಲ್ಲ. ಕಾಣಲಿಲ್ಲ ಎಂದಾದರೆ ಅವನು ಬರೆದುಕೊಡಬೇಕು. ಪತ್ರವನ್ನು ಬೀಲ್ ಅಲ್ಲೇ ಸಿದ್ಧಪಡಿಸಿದ. ‘ಕನ್ನಡಕ ಧರಿಸದಿರುವಾಗ ನನಗೆ ಏನೂ ಕಾಣುವುದಿಲ್ಲವಾದ್ದರಿಂದ, ಆ ಸ್ಥಿತಿಯಲ್ಲಿ ನಾನು ಹೇಳಿದ, ಹೇಳುವ ಮತ್ತು ಮುಂದೆಂದಾದರೂ ಹೇಳಬಹುದಾದ ಯಾವ ಮಾತನ್ನೂ ಸಾಕ್ಷ್ಯವೆಂದು ಪರಿಗಣಿಸತಕ್ಕದ್ದಲ್ಲ.’ ಸಹಿ ಹಾಕಿದರೆ ಗೆಲುವು ಉಳಿಯುತ್ತದೆ. ಇನ್ನು ಮುಂದೆ ಕನ್ನಡಕ ಹಾಕಿಯೇ ಮೈಕು ಮುಟ್ಟಬೇಕು. ಕಳಚಿದ ದಿನವೇ ಮೈಕು ಹೋಯಿತು. ಈ ಶುಕ್ರವಾರದ ಕೊನೆಯ ಆಟಕ್ಕೆ, ಸೇತುವೆಯಾಚೆಯ ಊರಿನ ಜೊತೆಗಿನದು, ಬೀಲ್ ತಾನೇ ಗೂಡಿನಲ್ಲಿ ಕೂತು ತಲೆ ಎಣಿಸುತ್ತಾನೆ. ಹನ್ನೆರಡನೆಯ ತಲೆ ಕಂಡರೆ ಎರಡೂ ಆಟ ಹೋದವು.

ಆರ್ವೊನ ಸ್ಥಿತಿ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನದಾಯಿತು. ಗುರುವಾರದವರೆಗೆ ಸಮಯ ಕೇಳಿಕೊಂಡು ಮನೆಗೆ ಬಂದ.

ಬುಧವಾರ ಮಧ್ಯಾಹ್ನ ಅವನ ಮನೆಯ ಬಾಗಿಲು ತಟ್ಟಿದವಳು ಐಲಿ ಸಾಲ್ಮೆಲಾ, ವೈನೊನ ತಂಗಿ. ಎಪ್ಪತ್ತೊಂಬತ್ತು ವರ್ಷ. ಜೀವನವಿಡೀ ಬಂದರಿನ ಹತ್ತಿರದ ಚಿಕ್ಕ ಮನೆಯಲ್ಲಿ ಒಬ್ಬಳೇ ಇದ್ದವಳು, ಐವತ್ತೆಂಟರ ಆ ಆಟದ ನಂತರ ಮೈದಾನದ ಕಡೆ ಕಾಲಿಡದವಳು. ಏಲಕ್ಕಿ ಬ್ರೆಡ್ಡು ತಂದಿದ್ದಳು. ಇನ್ನೊಂದು ಕೈಯಲ್ಲಿ ಕಾಗದದ ಚೀಲ. ಲೋರೇನ್ ಕಾಫಿ ಕೊಟ್ಟು ಅಡಿಗೆಮನೆಗೆ ಹೋದಳು. ಹೋದವಳು ಅಲ್ಲಿ ಒಂದು ಚಮಚದ ಸದ್ದನ್ನೂ ಮಾಡಲಿಲ್ಲ.

ಐಲಿ ಆ ದಿನದ ಸಂಗತಿ ಹೇಳಿದಳು. ಆಗ ಅವಳಿಗೆ ಹದಿನಾಲ್ಕು. ಅಣ್ಣ ದೋಣಿಯಿಂದ ನೇರ ಮೈದಾನಕ್ಕೆ ಬರುತ್ತಾನೆ, ಕಾಲು ಒದ್ದೆಯಾಗಿರುತ್ತದೆ, ಒಣಗಿದ ಕಾಲುಚೀಲ ಕೊಡು, ಇದನ್ನಾದರೂ ಒದ್ದೆ ಮಾಡಿಕೊಳ್ಳಬೇಡ ಅಂತ ಹೇಳು ಎಂದು ಅಮ್ಮ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟು ಕಳಿಸಿದ್ದಳು. ಐಲಿ ಮೈದಾನದ ಅಂಚಿನ ಕಟಕಟೆಗೆ ಆತುಕೊಂಡು ನಿಂತಿದ್ದಳು. ಆಟದ ಮೊದಲು ಎಲ್ಲರ ಹೆಸರು ಕೂಗಿದರು. ಮೂವತ್ನಾಲ್ಕು, ವೈನೊ ಸಾಲ್ಮೆಲಾ ಎಂದೂ ಕೂಗಿದರು. ಯಾರೂ ಓಡಿ ಬರಲಿಲ್ಲ. ಆಮೇಲೆ ಆ ಹೆಸರನ್ನು ಮೈದಾನದಲ್ಲಿ ಯಾರೂ ಕೂಗಿರಲಿಲ್ಲ, ಹೋದ ಶುಕ್ರವಾರದವರೆಗೆ. ಅವಳ ಮನೆಯ ಕಿಟಕಿ ತೆರೆದಿತ್ತಂತೆ. ಮಂಜಿನಲ್ಲಿ ಸದ್ದು ದೂರ ಹೋಗುತ್ತದೆ.

“ಒಂದೇ ಮಾತು ಕೇಳೋಕೆ ಬಂದೆ,” ಅಂದಳು. “ಅವನನ್ನ ಕಂಡ್ಯಾ ನೀನು?”

ಆರ್ವೊ ಕಾಫಿಯ ಬಟ್ಟಲನ್ನು ಮೇಜಿನ ಅಂಚಿನಿಂದ ಎರಡಂಗುಲ ಆಚೆ, ಗಾಳಿಯಲ್ಲಿ ಇಟ್ಟ. ಅದು ಬಿದ್ದು ಒಡೆಯಿತು. ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ.

“ಐಲಿಯಮ್ಮ, ನನ್ಗೆ ಕಣ್ಣು ಕಾಣ್ಸಲ್ಲ.” ಹತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂತು. ಅಡಿಗೆಮನೆಯಲ್ಲಿ ಏನೋ ದಢಾರನೆ ಬಿತ್ತು.

“ಅದು ಗೊತ್ತು,” ಅಂದಳು ಐಲಿ. “ಊರಿಗೇ ಗೊತ್ತು. ನಾನು ಕೇಳಿದ್ದು ಅದಲ್ಲ. ಕಂಡ್ಯಾ ಅಂತ ಕೇಳ್ದೆ.”

ಆರ್ವೊ ಬಾಯಿ ತೆರೆದ. ಎದ್ದು ನಿಂತ ಆ ಕಂದು ಬಣ್ಣ ನೆನಪಾಯಿತು. ಈಗಿನ ಹುಡುಗರ ಅಂಗಿ ಹಸಿರು. ಇಷ್ಟು ದಿನ ಇದು ಅವನಿಗೆ ಹೊಳೆದಿರಲಿಲ್ಲ. ಗೊತ್ತಿಲ್ಲ ಎಂದಷ್ಟೇ ಹೇಳಿದ, ಮತ್ತು ಅದು ಸತ್ಯವಾಗಿತ್ತು.

ಐಲಿ ಕಾಗದದ ಚೀಲ ಎತ್ತಿಕೊಂಡು ಎದ್ದಳು. ಶುಕ್ರವಾರ ಬರುತ್ತೇನೆ ಎಂದಳು. ಚೀಲದೊಳಗೆ ಏನಿದೆ ಎಂದು ಆರ್ವೊ ಕೇಳಲಿಲ್ಲ.

ಗುರುವಾರ ಬೆಳಗ್ಗೆ ಲೋರೇನ್ ಅವನನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದಳು. ಒಂದು ಗಂಟೆಯಲ್ಲಿ ತಯಾರಾದ ಕನ್ನಡಕ ಹಾಕಿಕೊಂಡು ಆರ್ವೊ ಮೊದಲು ನೋಡಿದ್ದು ಹೆಂಡತಿಯನ್ನು. ನೀನು ಯಾವಾಗ ಕೂದಲು ಬೆಳ್ಳಗೆ ಮಾಡಿಸಿಕೊಂಡೆ ಎಂದು ಕೇಳಿದ. ಎರಡು ಸಾವಿರದ ಹದಿನಾಲ್ಕರಲ್ಲಿ ಎಂದು ಲೋರೇನ್ ಹೇಳಿದಳು. ದಾರಿಯುದ್ದಕ್ಕೂ ಅವನು ಅಂಗಡಿಯ ಫಲಕಗಳನ್ನು ಗಟ್ಟಿಯಾಗಿ ಓದಿಕೊಂಡು ಬಂದ. ಶಾಲೆಗೆ ಹೋಗಿ ಬೀಲನ ಪತ್ರಕ್ಕೆ ಸಹಿ ಹಾಕಿದ. ಸಹಿ ಹಾಕುವಾಗ ಪತ್ರವನ್ನು ಎರಡು ಸಲ ಓದಿದ. ಹೊಸ ಕನ್ನಡಕದ ಹುರುಪು. ಆಮೇಲೆ ಶ್ರೀಮತಿ ಒಡೆಗಾರ್ಡರಿಗೆ ಕೊಳವೆಯ ವಿಷಯವನ್ನೂ ಒಪ್ಪಿಕೊಂಡು, ತಾನೇ ಗೋಡೆ ಒಡೆದು, ಇಪ್ಪತ್ತು ವರ್ಷದ ಟೇಪು ಕಿತ್ತು, ಹೊಸ ಕೊಳವೆ ಜೋಡಿಸಿದ. ಅಂಗಿಯನ್ನು ಒಣಗಿಸಿ ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈ ಜೇಬಿಗೆ ಹಾಕಿಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಹಗುರವೆನಿಸಿತು. ಇನ್ನು ಭೂತವಿಲ್ಲ, ಬರೀ ಕಣ್ಣಿನ ದೋಷ ಮತ್ತು ಕೊಳವೆಯ ದೋಷ.

ಶುಕ್ರವಾರ ಮಧ್ಯಾಹ್ನ ಎರಡು ಸಾವಿರ ಜನ ಬಂದರು. ರಿಗ್‌ಬಿಯ ಮೈದಾನದಲ್ಲಿ ಅಷ್ಟು ಜನ ಸೇರಿದ್ದನ್ನು ಯಾರೂ ಕಂಡಿರಲಿಲ್ಲ. ಆಟ ನೋಡಲು ಬಂದವರಂತೆ ಯಾರೂ ಇರಲಿಲ್ಲ; ಸದ್ದಿಲ್ಲದೆ ಬಂದು, ಸದ್ದಿಲ್ಲದೆ ಕೂತು, ಸರೋವರದ ಕಡೆ ನೋಡುತ್ತಿದ್ದರು. ಗೂಡಿನಲ್ಲಿ ಆರ್ವೊನ ಎಡಕ್ಕೆ ಗೋರ್ಡಿ, ಬಲಕ್ಕೆ ನಮೂನೆಯ ಕಟ್ಟು ಹಿಡಿದ ಬೀಲ್. ಗೋರ್ಡಿಯ ಮಡಿಲಲ್ಲಿ ಲೋರೇನ್ ಮೂರು ಸಾಸೇಜು ಮೊದಲೇ ಇಟ್ಟು ಕಳಿಸಿದ್ದಳು. ಕೆಳಗೆ ಕಟಕಟೆಗೆ ಆತುಕೊಂಡು ಐಲಿ ನಿಂತಿದ್ದಳು, ಅರವತ್ತೈದು ವರ್ಷದ ಹಿಂದೆ ನಿಂತ ಜಾಗದಲ್ಲೇ.

ಆಟದ ನಾಲ್ಕು ಪಾಳಿಗಳಲ್ಲಿ ಮೂರು ಮುಗಿಯುವವರೆಗೆ ಬಿಸಿಲಿತ್ತು. ಆರ್ವೊ ಪ್ರತಿಯೊಬ್ಬನ ಅಂಕಿಯನ್ನೂ ತಾನೇ ಓದಿ, ಹುಲ್ಲಿನ ಗರಿಯನ್ನೂ ಬಿಡದೆ ಬಣ್ಣಿಸಿ, ಗೋರ್ಡಿಗೆ ಕೆಲಸವೇ ಇಲ್ಲದಂತೆ ಮಾಡಿದ. ನಾಲ್ಕನೆಯ ಪಾಳಿಯಲ್ಲಿ ಬಂದರಿನ ಕಹಳೆ ಊದಿತು. ಎರಡು ಸಾವಿರ ಜನ ಒಟ್ಟಿಗೆ ಕೋಟಿನ ಗುಂಡಿ ಹಾಕಿಕೊಂಡರು.

ಕೊನೆಯ ಹನ್ನೊಂದು ಸೆಕೆಂಡು ಉಳಿದಾಗ ರಿಗ್‌ಬಿ ಮೂರು ಅಂಕ ಮುಂದಿತ್ತು. ಸೇತುವೆಯಾಚೆಯವರು ಗೆರೆಯಿಂದ ಒಂದೇ ಗಜ ದೂರ. ಮಂಜು ಮೈದಾನದ ಮೇಲೆ ಮಂಡಿಯೆತ್ತರಕ್ಕೆ ಹರಡಿತ್ತು. ಆರ್ವೊ ಕನ್ನಡಕ ಒರೆಸಿ ಹಾಕಿಕೊಂಡು, ಸಾಲಾಗಿ ಬಗ್ಗಿ ನಿಂತ ಹಸಿರು ಅಂಗಿಯ ಹುಡುಗರನ್ನು ಎಡದಿಂದ ಎಣಿಸಿದ. ಹನ್ನೊಂದು. ಅದರಾಚೆ, ಬಲತುದಿಯ ಖಾಲಿ ಜಾಗದಲ್ಲಿ, ಇನ್ನೊಬ್ಬ ಬಗ್ಗಿ ನಿಂತಿದ್ದ. ಕಂದು ಉಣ್ಣೆ, ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಳೆಯ ಕಾಲದ ಚರ್ಮದ ಶಿರಸ್ತ್ರಾಣ. ಬೆನ್ನಿನ ಮೇಲೆ ಮೂರು, ಪಕ್ಕದಲ್ಲಿ ನಾಲ್ಕು. ಹೊಸ ಕನ್ನಡಕದಲ್ಲಿ ಹೊಲಿಗೆಯ ದಾರವೂ ಕಾಣುತ್ತಿತ್ತು.

“ಗೋರ್ಡಿ,” ಎಂದು ಪಿಸುಗುಟ್ಟಿದ, “ನಮ್ಮೋರು ಎಷ್ಟು ಜನ?”

“ಹನ್ನೊಂದು, ಭಾವ,” ಎಂದ ಗೋರ್ಡಿ ದುರ್ಬೀನು ಇಳಿಸದೆ.

ಆರ್ವೊ ಬಲಕ್ಕೆ ನೋಡಿದ. ಬೀಲ್ ಪೆನ್ನಿನ ತುದಿಯಿಂದ ಒಂದೊಂದೇ ತಲೆ ಎಣಿಸುತ್ತಿದ್ದ. ಬಲತುದಿಗೆ ಬಂದಾಗ ಪೆನ್ನು ನಿಂತಿತು. ಮತ್ತೆ ಎಡದಿಂದ ಶುರುಮಾಡಿದ. ಮತ್ತೆ ಅಲ್ಲೇ ನಿಂತಿತು.

ಸೀಟಿ ಊದಿತು. ಚೆಂಡು ಹಿಡಿದ ಹುಡುಗ ಬಲತುದಿಗೇ ನುಗ್ಗಿದ. ಸದ್ದು ಗೂಡಿನವರೆಗೆ ಕೇಳಿಸಿತು. ಮಂಜು ಮುಚ್ಚಿಕೊಂಡಿತು, ತೆರೆದುಕೊಂಡಿತು. ಆ ಹುಡುಗ ಗೆರೆಗೆ ಈಚೆ ಅಂಗಾತ ಬಿದ್ದಿದ್ದ, ಸುತ್ತ ಐದಡಿಯಲ್ಲಿ ಹಸಿರು ಅಂಗಿಯವರು ಯಾರೂ ಇರಲಿಲ್ಲ. ಆಟ ಮುಗಿಯಿತು.

ಎರಡು ಸಾವಿರ ಜನ ಎದ್ದು ನಿಂತು ಗೂಡಿನ ಕಡೆ ತಿರುಗಿದರು. ಕಟಕಟೆಯ ಹತ್ತಿರ ಐಲಿಯೊಬ್ಬಳು ಮಾತ್ರ ತಿರುಗದೆ, ಕಾಗದದ ಚೀಲವನ್ನು ಎದೆಗವಚಿಕೊಂಡು ಮೈದಾನವನ್ನೇ ನೋಡುತ್ತಿದ್ದಳು. ಕನ್ನಡಕ ಹಾಕಿಕೊಂಡು ಆ ಹೆಸರು ಹೇಳಿದರೆ ಎರಡು ಗೆಲುವೂ ಹೋದವು. ಹೇಳದಿದ್ದರೆ ಈ ಮುದುಕಿ ಇನ್ನು ಎಷ್ಟು ವರ್ಷ ಕಿಟಕಿ ತೆರೆದಿಟ್ಟುಕೊಂಡು ಕೂತಾಳು. ಆರ್ವೊನಿಗೆ ತಾನು ಎರಡು ಸಲ ಓದಿ ಸಹಿ ಹಾಕಿದ ಪತ್ರ ನೆನಪಾಯಿತು.

ಅವನು ಕನ್ನಡಕ ಕಳಚಿದ. ಬೀಲನಿಗೆ ಕಾಣುವಂತೆ ಮಡಿಸಿ, ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನೂ ಹಾಕಿದ. ಲೋಕ ಮತ್ತೆ ಹತ್ತು ವರ್ಷದ ಹಳೆಯ ಮಬ್ಬಾಯಿತು. ಮೈಕು ಹೋಗುತ್ತದೆಂದು ಗೊತ್ತಿತ್ತು. ಮೂವತ್ತೊಂದು ವರ್ಷದ ದನಿಯನ್ನೆಲ್ಲ ಒಟ್ಟುಗೂಡಿಸಿಕೊಂಡು ಮೈಕನ್ನು ಬಾಯಿಗೆ ಹಿಡಿದ.

“ಕೆಡವಿದವನು ಮೂವತ್ನಾಲ್ಕು. ವೈನೊ ಸಾಲ್ಮೆಲಾ.”

ದನಿ ಬಂದರಿನವರೆಗೆ ಹೋಗಿ ವಾಪಸು ಬಂತು. ಆರ್ವೊ ಮೈಕನ್ನು ಗೋರ್ಡಿಯ ಕೈಗೆ ಕೊಟ್ಟ. ಬೀಲ್ ತನ್ನ ದಪ್ಪ ಕನ್ನಡಕ ತೆಗೆದು ಟೈಯಿಂದ ಒರೆಸುತ್ತಾ ಕೂತಿದ್ದ. ಒರೆಸಿ ಮುಗಿದರೂ ಹಾಕಿಕೊಳ್ಳಲಿಲ್ಲ. ಹಾಗೇ ಬಗ್ಗಿ, ಮೂಗು ತಾಗಿಸಿ, ಮೈದಾನದಲ್ಲಿ ಕಂಡ ಆಟಗಾರರ ಸಂಖ್ಯೆ ಎಂಬ ಕಾಲಮಿನಲ್ಲಿ ‘ಮಂಜು’ ಎಂದು ಬರೆದ.

ಜನ ಚದುರಿದ ಮೇಲೆ ಆರ್ವೊ ಹೆಂಡತಿಯ ಕೈ ಹಿಡಿದುಕೊಂಡು ಶಾಲೆಯ ಹಜಾರದಲ್ಲಿ ಬಂದ. ಗಾಜಿನ ಪೆಟ್ಟಿಗೆಯ ಎದುರಿನ ಬೆಂಚಿನಲ್ಲಿ ಐಲಿ ಕೂತಿದ್ದಳು. ಪೆಟ್ಟಿಗೆಯ ಬೀಗ ಹಾಗೇ ಇತ್ತು, ಬೀಗದ ಕೈ ಆರ್ವೊನ ಜೇಬಿನಲ್ಲೇ ಇತ್ತು. ಒಳಗೆ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗೋಡೆಗೆ ಕೈಯಿಟ್ಟು ನೋಡಿದ, ಒಣಗಿತ್ತು.

ಐಲಿಯ ಮಡಿಲಲ್ಲಿದ್ದ ಕಾಗದದ ಚೀಲ ಖಾಲಿಯಾಗಿ ಚಪ್ಪಟೆಯಾಗಿತ್ತು. ಅದರಲ್ಲಿದ್ದದ್ದು ಏನಾಯಿತು ಎಂದು ಲೋರೇನ್ ಮೆಲ್ಲಗೆ ಕೇಳಿದಳು.

“ಕೊಟ್ಟೆ,” ಅಂದಳು ಐಲಿ. “ಇದನ್ನಾದ್ರೂ ಒದ್ದೆ ಮಾಡ್ಕೋಬೇಡ ಅಂತ ಹೇಳಿ ಕೊಟ್ಟೆ. ಕೇಳ್ತಾನಾ ಅವ್ನು.”

ಅವಳು ಬೆರಳು ತೋರಿದ ಕಡೆ, ಹೊರಬಾಗಿಲಿನಿಂದ ಪೆಟ್ಟಿಗೆಯವರೆಗೆ ನೆಲದ ಮೇಲೆ ಒದ್ದೆ ಕಾಲುಚೀಲದ ಗುರುತುಗಳು ಬಂದಿದ್ದವು. ವಾಪಸು ಹೋದ ಗುರುತುಗಳು ಇರಲಿಲ್ಲ. ಆರ್ವೊ ಕನ್ನಡಕವನ್ನು ಜೇಬಿನಲ್ಲೇ ಬಿಟ್ಟು, ನೆಲ ಒರೆಸುವ ಬಟ್ಟೆ ತರಲು ಬಾಯ್ಲರ್ ಕೋಣೆಗೆ ಹೋದ.